ಅನಗವಾಡಿಯ ಅಂಗಳಕ್ಕೆ ಹಳಿಯ ಮರ

ವಿಜಯಪುರದಿಂದ ಹುಬ್ಬಳ್ಳಿಗೆ ಹೊರಟ ಬಸ್ಸು ಘಟಪ್ರಭೆಯ ಸೇತುವೆ ದಾಟುವಲ್ಲಿ ಸಿಗುವ ಊರು ಬೀಳಗಿ ತಾಲ್ಲೂಕಿನ ಅನಗವಾಡಿ. ಆಲಮಟ್ಟಿಯ ಹಿನ್ನೀರು ಇಲ್ಲಿಗೂ ಚಾಚುತ್ತದೆ. ಈ ಬಯಲಿನ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಅಂಗಳದ ತೋಟಕ್ಕೆ ಕಟ್ಟಿದ ಇಟ್ಟಿಗೆಯ ಅಂಚು ಬಹಳ ದಿನ ಬಾಳದು. ಮರದ ದಿಮ್ಮಿಯಾದರೆ ನೆಲದೊಂದಿಗೆ ತುಸು ಅಲುಗಿ ಸುಮ್ಮನಾಗುತ್ತದೆ.

ದಿಮ್ಮಿ ಎಂದೊಡನೆ ನೆನಪಾಗುವುದು ರೈಲು ಹಳಿಯಡಿಯ ಸ್ಲೀಪರ್. ಬಾಗಲಕೋಟೆಯ ಮೇಲೆ ಹಾಯುವ ಗದಗ–ಹೊಟಗಿ ಮಾರ್ಗ ಹಿಂದೆ ಮೀಟರ್‌ಗೇಜ್ ಆಗಿತ್ತು. ಆ ಗೇಜಿನ ಮರದ ಸ್ಲೀಪರ್ 180 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ಅಂಥದ್ದು ಗುಜರಿಯಲ್ಲಿ ಸಿಕ್ಕರೆ, ಕೆಳಗೆ ಗರಸು ಹಾಸಿ ಕೂರಿಸಿದರೆ ಮೆಟ್ಟಿಲಿಗೂ ಆದೀತು.

ಆದರೆ ಮೂಸಿ ನೋಡಿ ಕೊಳ್ಳಬೇಕು! ಡಾಂಬರಿನ ವಾಸನೆ ಬಂದರೆ ಅದು ಕ್ರಿಯೋಸೋಟ್ ಕುಡಿದ ಮರ. ಗೆದ್ದಲನ್ನು ದೂರವಿಡುವ ಈ ಎಣ್ಣೆ ಬಿಸಿಲಿಗೆ ಒಸರುತ್ತದೆ, ಚರ್ಮಕ್ಕೆ ಉರಿ ತರುತ್ತದೆ, ಕ್ಯಾನ್ಸರಿಗೂ ಕಾರಣವಾಗಬಲ್ಲದು. ಯುರೋಪಿನ ಒಕ್ಕೂಟ 2003ರಲ್ಲೇ ಮನೆ ತೋಟಗಳಲ್ಲಿ ಅದನ್ನು ನಿಷೇಧಿಸಿತು. ಮಕ್ಕಳು ಕೂರುವಲ್ಲಿ, ಮೆಂತ್ಯ–ಕೊತ್ತಂಬರಿಯ ಮಡಿಗೆ ಅಂಥ ಮರ ಬೇಡ. ಒಲೆಗಂತೂ ಬೇಡವೇ ಬೇಡ.

ಮಾಳಿಗೆ ಮನೆಯ ತೊಲೆ, ಜಂತಿಗಳಿಗೆ ಈ ಎಣ್ಣೆಯ ಕಾಟವಿಲ್ಲ. ಹಿನ್ನೀರಿಗೆ ಮನೆ ಬಿಟ್ಟವರು ಬಿಚ್ಚಿ ಹೊತ್ತು ತಂದದ್ದು ಅವನ್ನೇ. ಹೊಸ ಮನೆಯ ಮೂಲೆಯಲ್ಲಿ ಅಂಥ ತುಂಡೊಂದು ಉಳಿದಿದ್ದರೆ ಮಲ್ಲಿಗೆಯ ಪಾತಿಗೆ ಅದೇ ಸಾಕು.