ಮಡಿ ಚಪ್ಪಲಿ

ಬೆಳಿಗ್ಗೆ ಎದ್ದು ಮಂಚದಿಂದ ಕಾಲು ಕೆಳಗಿಟ್ಟ ತಕ್ಷಣ ಹಿಮ್ಮಡಿಗೆ ಯಾರೋ ದಬ್ಬಳ ಚುಚ್ಚಿದ ಹಾಗಾಗಿ, ಗೋಡೆ ಹಿಡಿದು ಬಚ್ಚಲಮನೆಯವರೆಗೆ ಕುಂಟಿಕೊಂಡು ಹೋಗುವ ಸೋದರಿಯರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತಿ ಎಂದರೆ ಇಲ್ಲಿಂದ ನನಗೇನೂ ಕಾಣುವುದಿಲ್ಲ, ಆದರೆ ಬಹಳ ಕೈಗಳು ಮೇಲೇಳುತ್ತವೆ ಎಂದು ಬಲ್ಲೆ. ನಮ್ಮ ಬೀದಿಯೊಂದರಲ್ಲೇ ನಾವು ಐದು ಜನ ಇದ್ದೇವೆ. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಅಷ್ಟೆ.

ನಾನು ಚನ್ನರಾಯಪಟ್ಟಣದವಳು. ವಯಸ್ಸು ನಲವತ್ತಾರು. ಓದಿದ್ದು ಎಸ್ಸೆಸ್ಸೆಲ್ಸಿ. ನಮ್ಮವರಿಗೆ ಪೇಟೆಯಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಅತ್ತೆ, ಪಿಯುಸಿ ಓದುವ ಮಗ. ಮಗಳು 2023ರಲ್ಲಿ ಓದಲು ಮೈಸೂರಿಗೆ ಹೋಗಿ ಹಾಸ್ಟೆಲ್ ಸೇರಿದಳು. ಅವಳು ಹೋದ ಮೇಲೆ ಸಂಜೆ ಹೊತ್ತು ಮನೆಯಲ್ಲಿ ಕೂರುವುದೇ ಕಷ್ಟವಾಯಿತು. ಆಗ ಪಕ್ಕದ ಮನೆಯವರು "ಬನ್ನಿ, ಕೆರೆ ಏರಿ ಮೇಲೆ ಒಂದು ಸುತ್ತು ಹೋಗಿಬರೋಣ" ಎಂದು ಕರೆದರು. ನಾಲ್ಕು ಜನರ ಗುಂಪಾಯಿತು. ಸಂಜೆ ಐದೂವರೆಯಿಂದ ಆರೂಕಾಲು, ದಿನಾ ನಲವತ್ತೈದು ನಿಮಿಷ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನದು ಅಂತ ಇದ್ದ ಹೊತ್ತು ಅದೊಂದೇ. ಅಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವವರು ಇರಲಿಲ್ಲ.

2024ರ ಯುಗಾದಿ ಹೊತ್ತಿಗೆ ಬಲಗಾಲಿನ ಹಿಮ್ಮಡಿ ನೋಯಲು ಶುರುವಾಯಿತು. ಮನೆ ತೊಳೆದದ್ದು, ಒಬ್ಬಟ್ಟು ಬೇಯಿಸುತ್ತಾ ನಿಂತದ್ದು, ಎರಡು ದಿನಕ್ಕೆ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಬೆಳಗಿನ ಮೊದಲ ಹತ್ತು ಹೆಜ್ಜೆ ಜೀವ ಹೋದಂತೆ. ಆಮೇಲೆ ಕಾಲು ಪಳಗಿ ಹೇಗೋ ನಡೆಯುತ್ತದೆ. ಮಧ್ಯಾಹ್ನ ಉಂಡು ಅರ್ಧ ಗಂಟೆ ಕೂತು ಎದ್ದರೆ ಮತ್ತೆ ಅದೇ. ಈ ನೋವಿನ ಕಳ್ಳತನ ನೋಡಿ, ಇನ್ನೊಬ್ಬರ ಕಣ್ಣಿಗೆ ಬೀಳುವ ಹೊತ್ತಿಗೆ ನಾವು ಸರಿಯಾಗಿಯೇ ನಡೆಯುತ್ತಿರುತ್ತೇವೆ. "ಈಗ ತಾನೇ ಕುಂಟ್ತಿದ್ದೆ, ಸೀರಿಯಲ್ ಶುರುವಾದ ಕೂಡ್ಲೆ ಓಡಿ ಬಂದೆಯಲ್ಲಾ" ಎಂದು ನಮ್ಮವರು ನಗುತ್ತಿದ್ದರು.

ಎರಡು ತಿಂಗಳು ಮುಚ್ಚಿಟ್ಟೆ. ಹೇಳಿದರೆ ಮೊದಲು ಕತ್ತರಿ ಬೀಳುವುದು ನನ್ನ ವಾಕಿಂಗಿಗೇ ಎಂದು ಗೊತ್ತಿತ್ತು. ಹಾಗೇ ಆಯಿತು. ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಬರುವಾಗ ಕಾಲು ಊರಲಾಗದೆ ಮುಗ್ಗರಿಸಿ, ಒಂದು ಲೀಟರ್ ಹಾಲು ನೆಲದ ಪಾಲಾಯಿತು. ವಿಚಾರಣೆ ಶುರು. "ವಾಕಿಂಗ್ ವಾಕಿಂಗ್ ಅಂತ ದಿನಾ ತಿರುಗಿದ್ರೆ ಇನ್ನೇನಾಗುತ್ತೆ? ಸುಮ್ನೆ ಮನೇಲಿ ಕೂತ್ಕೋ" ಅಂದರು ನಮ್ಮವರು. ಅತ್ತೆಯೂ ದನಿಗೂಡಿಸಿದರು: "ಹೌದು ಕಣಮ್ಮ, ನಿನ್ನ ವಯಸ್ಸಲ್ಲಿ ನಾವೇನು ಏರಿ ಮೇಲೆ ತಿರುಗ್ತಿದ್ವಾ?"

ವಾಕಿಂಗ್ ನಿಂತಿತು. ನೋವು ನಿಲ್ಲಲಿಲ್ಲ. ಸಂಜೆ ಐದೂವರೆಗೆ ಆ ಮೂವರೂ ನಮ್ಮ ಮನೆ ಮುಂದೆ ಹೋಗುವಾಗ ಕಿಟಕಿಯಲ್ಲಿ ನೋಡುತ್ತಿದ್ದೆ. ಮೊದಮೊದಲು "ಬರ್ತೀರಾ?" ಎಂದು ಕೂಗುತ್ತಿದ್ದರು. ಆಮೇಲೆ ಕೈ ಬೀಸುತ್ತಿದ್ದರು. ಬರುಬರುತ್ತಾ ಮಾತಿನಲ್ಲಿ ಮುಳುಗಿ ಹಾಗೇ ಹೋಗತೊಡಗಿದರು. ನೀವು ನಗುತ್ತೀರೇನೋ, ಕುಕ್ಕರ್ ಕೂಗುವ ಸದ್ದಿನಲ್ಲಿ ನಾನು ಒಂದೆರಡು ದಿನ ಅತ್ತಿದ್ದೂ ಉಂಟು.

ಊರಿನಲ್ಲೇ ಒಬ್ಬ ಡಾಕ್ಟರು ಎಕ್ಸ್‌ರೇ ತೆಗೆಸಿ, "ಮೂಳೆ ಮುಳ್ಳಿನ ಹಾಗೆ ಬೆಳೆದಿದೆ" ಎಂದರು. ನೋವಿನ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದಾಗ ನೋವು ಕಡಿಮೆ, ಬಿಟ್ಟರೆ ಮತ್ತೆ ಹಾಜರು. ನಡುವೆ ಹೊಟ್ಟೆಯುರಿ ಬೇರೆ. ಮದುವೆಮನೆಯಲ್ಲಿ ಸಿಕ್ಕ ಒಬ್ಬರು "ಮುಳ್ಳಾ? ಹಾಗಾದ್ರೆ ಆಪರೇಷನ್ನೇ" ಎಂದು ಹೆದರಿಸಿದರು. ನಮ್ಮ ಕಡೆ ಮದುವೆಮನೆಯಲ್ಲಿ ಸಿಗುವಷ್ಟು ಡಾಕ್ಟರುಗಳು ದೊಡ್ಡಾಸ್ಪತ್ರೆಯಲ್ಲೂ ಸಿಗುವುದಿಲ್ಲ.

ಆಗಸ್ಟ್‌ನಲ್ಲಿ ಹಾಸನಕ್ಕೆ ಹೋಗಿ ಮೂಳೆ ಡಾಕ್ಟರನ್ನು ಕಂಡೆವು. ವಯಸ್ಸಾದವರು. ಎಕ್ಸ್‌ರೇ ನೋಡಿ ಪಕ್ಕಕ್ಕಿಟ್ಟರು. "ಈ ಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಕಾಲಲ್ಲೂ ಇರುತ್ತಮ್ಮ. ಮುಳ್ಳೇ ಇಲ್ಲದೆ ನೋಯೋರೂ ಇದ್ದಾರೆ. ಅದನ್ನ ಮರೆತುಬಿಡಿ" ಎಂದರು. ಆಮೇಲೆ ನನ್ನ ಪಾದ ಹಿಡಿದು, ಹಿಮ್ಮಡಿಯ ಒಳಬದಿಯಲ್ಲಿ ಹೆಬ್ಬೆರಳು ಒತ್ತಿದರು. ಕಿರುಚಿಬಿಟ್ಟೆ. ಅಲ್ಲೇ ಅಂತೆ ಅದರ ಮನೆ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇರುತ್ತದೆ, ಬಿಲ್ಲಿಗೆ ಕಟ್ಟಿದ ಹೆದೆಯ ಹಾಗೆ. ದಿನವೂ ಮಿತಿಮೀರಿ ಭಾರ ಬಿದ್ದರೆ ಅದು ಹಿಮ್ಮಡಿಗೆ ಅಂಟಿಕೊಂಡ ಕಡೆ ಹಿಂಜುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಗೆ ಬಾಗಿ ಪಟ್ಟಿ ಗಿಡ್ಡವಾಗಿರುತ್ತದೆ. ಬೆಳಿಗ್ಗೆ ಎದ್ದು ಕಾಲೂರಿದಾಗ ಒಮ್ಮೆಲೇ ಎಳೆದುಕೊಳ್ಳುತ್ತದೆ. ಆ ದಬ್ಬಳದ ಚುಚ್ಚು ಅದೇ. ಪ್ಲಾಂಟರ್ ಫೇಶಿಯೈಟಿಸ್ ಎಂದು ಅದರ ಹೆಸರು. ನಲವತ್ತು ದಾಟಿದವರಲ್ಲಿ ಹೆಚ್ಚು, ಮೈತೂಕ ಹೆಚ್ಚಿದವರಲ್ಲಿ ಹೆಚ್ಚು, ಗಟ್ಟಿ ನೆಲದ ಮೇಲೆ ನಿಂತು ದುಡಿಯುವವರಲ್ಲಿ ಇನ್ನೂ ಹೆಚ್ಚು.

"ದಿನಕ್ಕೆ ಎಷ್ಟು ಹೊತ್ತು ನಿಂತಿರ್ತೀರಿ?" ಎಂದು ಕೇಳಿದರು.

"ನಾನು ಕೆಲಸಕ್ಕೆಲ್ಲೂ ಹೋಗಲ್ಲ ಸಾರ್, ಮನೇಲೇ ಇರ್ತೀನಿ" ಅಂದೆ.

ಅವರು ನಕ್ಕರು. "ಮನೆಗೆ ಹೋಗಿ ಒಂದು ದಿನ ಗಡಿಯಾರ ನೋಡ್ಕೊಂಡು ಬರೆದಿಡಿ" ಎಂದರು.

ಮಾರನೆಯ ದಿನ ಹಳೆ ಕ್ಯಾಲೆಂಡರಿನ ಬೆನ್ನಿನ ಮೇಲೆ ಬರೆದೆ. ಐದೂವರೆಗೆ ಎದ್ದು ಒಂಬತ್ತರವರೆಗೆ, ಕಾಫಿ ಕುಡಿದ ಇಪ್ಪತ್ತು ನಿಮಿಷ ಕಳೆದರೆ, ಮೂರು ಗಂಟೆ ಹತ್ತು ನಿಮಿಷ. ಕಸ, ಬಟ್ಟೆ ಒಗೆದು ಒಣಹಾಕಿದ್ದು ಒಂದು ಗಂಟೆ ಹತ್ತು ನಿಮಿಷ. ಮಧ್ಯಾಹ್ನದ ಅಡಿಗೆ, ಪಾತ್ರೆ ಒಂದೂವರೆ ಗಂಟೆ. ಸಂಜೆ ಕಾಫಿ ತಿಂಡಿ ಅರ್ಧ ಗಂಟೆ. ರಾತ್ರಿ ಮುದ್ದೆ, ಸಾರು, ಬಡಿಸಿದ್ದು, ಪಾತ್ರೆ, ಕಟ್ಟೆ ಒರೆಸಿದ್ದು ಒಂದು ಗಂಟೆ ಐವತ್ತು ನಿಮಿಷ. ಕೂಡಿಸಿದೆ. ನಂಬದೆ ಮತ್ತೊಮ್ಮೆ ಕೂಡಿಸಿದೆ. ಎಂಟು ಗಂಟೆ ಹತ್ತು ನಿಮಿಷ! ಅದೂ ಬರಿಗಾಲಿನಲ್ಲಿ, ಕಲ್ಲಿನಂಥ ಟೈಲ್ಸ್ ಮೇಲೆ. ಇಷ್ಟು ದಿನ ಅಪವಾದ ಹೊತ್ತಿದ್ದು ಯಾವುದು? ನಲವತ್ತೈದು ನಿಮಿಷದ ವಾಕಿಂಗು.

ಆ ಕ್ಯಾಲೆಂಡರನ್ನು ನಮ್ಮವರ ಊಟದ ತಟ್ಟೆಯ ಪಕ್ಕದಲ್ಲಿಟ್ಟೆ. ಓದಿದರು, ಏನೂ ಮಾತಾಡಲಿಲ್ಲ. ಮಾರನೆಯ ದಿನ ಅಂಗಡಿಯಿಂದ ಒಂದು ಎತ್ತರದ ಸ್ಟೂಲು ತಂದು ಅಡಿಗೆಕಟ್ಟೆಯ ಹತ್ತಿರ ಹಾಕಿದರು. ಮಾತಿಗಿಂತ ಸ್ಟೂಲು ವಾಸಿ ಅನ್ನಿ.

ಒಂದು ವಿಷಯ ಆಗಲೇ ಹೊಳೆಯಿತು. ನಮ್ಮತ್ತೆಯ ಕಾಲದಲ್ಲಿ ಅಡಿಗೆಯೆಲ್ಲ ಕೂತು ಮಾಡುವ ಕೆಲಸ. ಒಲೆ ನೆಲದ ಮೇಲೆ, ಈಳಿಗೆಮಣೆ ನೆಲದ ಮೇಲೆ, ಒರಳು ನೆಲದ ಮೇಲೆ. ಹೊಗೆ ಕುಡಿದರು, ಸೊಂಟ ನೋಯಿಸಿಕೊಂಡರು, ಅದು ಬೇರೆ ಮಾತು. ಹಿಮ್ಮಡಿಗೆ ಮಾತ್ರ ನಡುನಡುವೆ ಬಿಡುವು ಸಿಗುತ್ತಿತ್ತು. ನಾವು 2021ರಲ್ಲಿ ಸಾಲ ಮಾಡಿ ಗ್ರಾನೈಟ್ ಕಟ್ಟೆ ಹಾಕಿಸಿ ಬೀಗಿದೆವು. ಈಗ ತರಕಾರಿ ಹೆಚ್ಚುವುದು, ಸೊಪ್ಪು ಬಿಡಿಸುವುದು, ಚಪಾತಿ ಲಟ್ಟಿಸುವುದು ಎಲ್ಲಾ ಕೂತೇ. ಮುದ್ದೆ ಮಾತ್ರ ಕೂತು ತಿರುವಲಾಗುವುದಿಲ್ಲ. ಅದಕ್ಕೆ ನಿಲ್ಲಲೇಬೇಕು.

ಡಾಕ್ಟರು ಹೇಳಿದ ಮುಖ್ಯ ಮಾತನ್ನು ಇನ್ನೂ ಹೇಳಿಲ್ಲ. "ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ. ಮೆತ್ತಗಿನ ಎಂ.ಸಿ.ಆರ್. ಚಪ್ಪಲಿ ಹಾಕ್ಕೊಳ್ಳಿ, ಅಂಗಾಲಿನ ಗುಣಿಗೆ ಆಧಾರ ಇರೋದು." ಸವೆದು ಚಪ್ಪಟೆಯಾದ ಹವಾಯಿ ಚಪ್ಪಲಿ ಉಪಯೋಗವಿಲ್ಲವಂತೆ. ಸರಿ, ಹಾಸನದಲ್ಲೇ ಒಂದು ಜೊತೆ ಕೊಂಡು ತಂದೆ. ಸಾಯಂಕಾಲ ಅದನ್ನು ಮೆಟ್ಟಿ ಅಡಿಗೆಮನೆಯ ಹೊಸಿಲು ದಾಟಿದೆ, ಅಷ್ಟೆ.

"ಅನ್ನಪೂರ್ಣೆ ಇರೋ ಜಾಗಕ್ಕೆ ಚಪ್ಪಲಿ ಮೆಟ್ಕೊಂಡು ಬರ್ತೀಯಾ? ನಾನು ಬದುಕಿರೋವರೆಗೂ ಅದು ಆಗಲ್ಲ!"

ಹೊಸ ಚಪ್ಪಲಿ, ಹೊರಗೆ ಕಾಲಿಟ್ಟಿಲ್ಲ ಎಂದೆ. "ಚಪ್ಪಲಿ ಚಪ್ಪಲಿಯೇ" ಎಂದರು. ನನಗೂ ಒಳಗೊಳಗೆ ಅಳುಕಿತ್ತು, ಸುಳ್ಳೇಕೆ? ಹುಟ್ಟಿದಾಗಿನಿಂದ ಹೊಸಿಲ ಹೊರಗೆ ಬಿಟ್ಟು ಬಂದ ವಸ್ತುವನ್ನು ಒಲೆಯ ಮುಂದೆ ಮೆಟ್ಟಿ ನಿಲ್ಲುವುದು ಎಂದರೆ ಕಾಲೇ ಹಿಂದೆಗೆಯುತ್ತಿತ್ತು. ಎರಡು ವಾರ ಅದು ಮಂಚದ ಕೆಳಗೆ ಕೂತಿತು. ಗೋಣಿತಾಟು ಮಡಿಸಿ ಹಾಸಿಕೊಂಡು ನೋಡಿದೆ. ಒಂದು ಕಡೆ ನಿಂತಾಗ ಸರಿ, ಅತ್ತಿತ್ತ ಹೋದರೆ ಮತ್ತೆ ಟೈಲ್ಸೇ.

ಒಂದು ಬೆಳಿಗ್ಗೆ ಅತ್ತೆ ಬೇಗ ಎದ್ದಿದ್ದರು. ನಾನು ಗೋಡೆ ಹಿಡಿದು, ಬಲಗಾಲಿನ ತುದಿಬೆರಳ ಮೇಲೆ ಬರುವುದನ್ನು ಕಂಡರು. "ದಿನಾ ಹಿಂಗೇನಾ?" ಎಂದರು. "ಹೂಂ" ಅಂದೆ. ಆ ದಿನ ಮಧ್ಯಾಹ್ನ ಅವರೇ ಹಿತ್ತಲಲ್ಲಿ ಇಟ್ಟಿಗೆ ಕಾಯಿಸಿ, ಎಕ್ಕದ ಎಲೆ ಹಾಸಿ, ಒದ್ದೆ ಬಟ್ಟೆ ಮುಚ್ಚಿ ನನ್ನ ಹಿಮ್ಮಡಿ ಊರಿಸಿದರು. "ನನಗೂ ಬಂದಿತ್ತು ಕಣೇ, ಇವನು ಹೈಸ್ಕೂಲಲ್ಲಿದ್ದಾಗ. ಒಂದು ವರ್ಷ ಕುಂಟಿದೆ. ಯಾರಿಗೆ ಹೇಳೋದು? ನಿಮ್ಮ ಮಾವ ಗೊತ್ತಲ್ಲ" ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ತಮ್ಮ ನೋವೊಂದನ್ನು ನನ್ನ ಹತ್ತಿರ ಹೇಳಿದ್ದು ಅದೇ ಮೊದಲು.

ಶಾಖ ಹಿತವಾಗಿತ್ತು. ಆದರೆ ನೀವು ಮಾಡುವುದಾದರೆ ಬಿಸಿನೀರಿನ ಚೀಲ ಸಾಕು. ಎಕ್ಕದ ಹಾಲು ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರೆ ಅಪಾಯ. ಸಕ್ಕರೆ ಕಾಯಿಲೆ ಇರುವವರು ಇಟ್ಟಿಗೆಯ ಹತ್ತಿರ ಹೋಗಲೇಬೇಡಿ. ಕಾಲು ಜೋಮು ಹಿಡಿದಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ.

ಅಂದು ಸಂಜೆ ಅತ್ತೆ ಕೇಳಿದರು: "ಎಲ್ಲಿ, ಆ ಚಪ್ಪಲಿ ತಗೊಂಬಾ." ತಂದೆ. ಅರಿಶಿನದ ನೀರಿನಲ್ಲಿ ಅದ್ದಿ ತೊಳೆಸಿದರು. ಅಂಗಳಕ್ಕೆ ಕೂಡದು, ಬಚ್ಚಲಿಗೆ ಕೂಡದು, ದೇವರಮನೆ ಕಡೆ ತಲೆಹಾಕಕೂಡದು, ಮಲಗುವಾಗ ಅಡಿಗೆಮನೆ ಬಾಗಿಲ ಮೂಲೆಯಲ್ಲೇ ಇರಬೇಕು ಎಂದು ಕಟ್ಟಳೆ ಹಾಕಿದರು. ಮಗ ಅದಕ್ಕೆ "ಮಡಿ ಚಪ್ಪಲಿ" ಎಂದು ನಾಮಕರಣ ಮಾಡಿದ. ಆ ಹೆಸರೇ ನಿಂತಿತು.

ಇನ್ನು ವ್ಯಾಯಾಮ. ಇದಕ್ಕೆ ಕಾಸು ಖರ್ಚಿಲ್ಲ, ಆದರೆ ಬಿಡದೆ ಮಾಡಬೇಕು. ಬೆಳಿಗ್ಗೆ ಕಾಲು ಕೆಳಗಿಡುವ ಮೊದಲೇ, ಮಂಚದ ಮೇಲೆ ಕೂತು ನೋಯುವ ಪಾದವನ್ನು ಇನ್ನೊಂದು ಮೊಣಕಾಲಿನ ಮೇಲಿಡಿ. ಕೈಯಿಂದ ಐದೂ ಬೆರಳನ್ನು ಮೊಣಕಾಲಿನ ಕಡೆಗೆ ಹಿಂದಕ್ಕೆ ಎಳೆಯಿರಿ. ಅಂಗಾಲಿನ ಪಟ್ಟಿ ದಾರದ ಹಾಗೆ ಬಿಗಿಯಾದದ್ದು ಇನ್ನೊಂದು ಕೈಗೆ ಸಿಗುತ್ತದೆ. ಹತ್ತು ಎಣಿಸಿ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಎರಡನೆಯದು ಮೀನಖಂಡಕ್ಕೆ. ಗೋಡೆಗೆ ಎರಡೂ ಕೈ ಊರಿ, ನೋಯುವ ಕಾಲು ಹಿಂದೆ, ಮಂಡಿ ನೇರ, ಹಿಮ್ಮಡಿ ನೆಲ ಬಿಡದ ಹಾಗೆ ಮುಂದಕ್ಕೆ ಬಾಗಿ ಮೂವತ್ತು ಎಣಿಸುವುದು, ಮೂರು ಸಲ. ನಾನು ಇದನ್ನು ಹಾಲು ಉಕ್ಕುವುದನ್ನು ಕಾಯುತ್ತಾ ಮಾಡುತ್ತೇನೆ. ಸಂಜೆ ಹೊತ್ತು ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಮಂಜುಗಟ್ಟಿಸಿ, ತೆಳ್ಳನೆ ಬಟ್ಟೆ ಸುತ್ತಿ ಅಂಗಾಲಿನಡಿ ಹತ್ತು ನಿಮಿಷ ಉರುಳಿಸುವುದು. (ಜೋಮು ಇರುವವರಿಗೆ ಇದೂ ಬೇಡ.) ಒಂದು ತಿಂಗಳ ನಂತರ ಇನ್ನೊಂದು ಸೇರಿಸಿದರು: ಮೆಟ್ಟಿಲಿನ ಅಂಚಿನಲ್ಲಿ ಟವೆಲ್ ಸುರುಳಿಯ ಮೇಲೆ ಬೆರಳುಗಳನ್ನಿಟ್ಟು, ಗೋಡೆ ಹಿಡಿದು, ಮೂರು ಎಣಿಸುತ್ತಾ ಹಿಮ್ಮಡಿ ಎತ್ತಿ, ಎರಡು ಎಣಿಸಿ ತಡೆದು, ಮೂರು ಎಣಿಸುತ್ತಾ ಇಳಿಸುವುದು. ದಿನ ಬಿಟ್ಟು ದಿನ.

ಇಂಜೆಕ್ಷನ್ ಇಲ್ಲವೇ ಎಂದು ನಾನೂ ಕೇಳಿದ್ದೆ. ಇದೆಯಂತೆ, ಸ್ವಲ್ಪ ಕಾಲ ನೋವು ತಗ್ಗಿಸುತ್ತದಂತೆ. ಆದರೆ ಮತ್ತೆ ಮತ್ತೆ ಹಾಕಿಸಿದರೆ ಹಿಮ್ಮಡಿಯ ಮೆತ್ತೆಯೇ ಸವೆಯಬಹುದು, ಪಟ್ಟಿ ಹರಿಯಲೂಬಹುದು. ಮೊದಲು ಇದನ್ನೇ ಮೂರು ತಿಂಗಳು ಮಾಡಿ ಬನ್ನಿ ಎಂದರು. ಹೆಚ್ಚಿನವರಿಗೆ ಇಷ್ಟರಲ್ಲೇ ಗುಣವಾಗುತ್ತದೆ, ಆದರೆ ವಾರದಲ್ಲಿ ಅಲ್ಲ, ತಿಂಗಳುಗಳಲ್ಲಿ. ಎರಡೂ ಹಿಮ್ಮಡಿ ಒಟ್ಟಿಗೆ ನೊಂದು ಕೈಬೆರಳ ಗಿಣ್ಣುಗಳೂ ಬಿಗಿಯುತ್ತಿದ್ದರೆ, ಪಾದ ಊದಿದರೆ, ರಾತ್ರಿ ಮಲಗಿದಾಗಲೂ ನೋವು ಎಬ್ಬಿಸುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ವಾಕಿಂಗ್ ಬಗ್ಗೆ ಅಳುಕುತ್ತಲೇ ಕೇಳಿದ್ದೆ. "ಬಿಡಬೇಡಿ, ಕಡಿಮೆ ಮಾಡಿ" ಎಂದರು. ಆ ಮಾತು ಕೇಳಲು ಹಾಸನವೇನು, ಬೆಂಗಳೂರಿಗೂ ಹೋಗುತ್ತಿದ್ದೆ. ಹತ್ತು ನಿಮಿಷದಿಂದ ಶುರು, ಒಳ್ಳೆ ಬೂಟು ಹಾಕಿ, ಟಾರ್ ರಸ್ತೆಗಿಂತ ಮಣ್ಣಿನ ದಾರಿಯಲ್ಲಿ. ಮಾರನೆಯ ಬೆಳಿಗ್ಗೆ ನೋವು ಹೆಚ್ಚಿಲ್ಲದಿದ್ದರೆ ಆ ವಾರ ಅಷ್ಟೇ, ಮುಂದಿನ ವಾರ ಐದು ನಿಮಿಷ ಜಾಸ್ತಿ. ಹೆಚ್ಚಿದರೆ ಒಂದು ಹೆಜ್ಜೆ ಹಿಂದೆ. ಸೀರೆಗೆ ಬೂಟು ಹಾಕಿ ಹೊರಟಾಗ ಬೀದಿಯ ಮಕ್ಕಳು ನಕ್ಕವು. ನಗಲಿ. ಏರಿಯ ಮೇಲೆ ನಾನು ಹತ್ತು ನಿಮಿಷಕ್ಕೆ ಕಟ್ಟೆ ಮೇಲೆ ಕೂರುತ್ತಿದ್ದೆ. ಮೂವರೂ ಸುತ್ತು ಮುಗಿಸಿ ಬಂದು ನನ್ನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದರು. 2025ರ ಸಂಕ್ರಾಂತಿಗೆ ಅರ್ಧ ಗಂಟೆ, ಯುಗಾದಿಗೆ ಪೂರಾ ನಲವತ್ತೈದು ನಿಮಿಷ.

ಪೂರ್ತಿ ಹೋಗಿದೆಯೇ ಎಂದರೆ ಇಲ್ಲ. ಮದುವೆಮನೆಯಲ್ಲಿ ದಿನವಿಡೀ ನಿಂತರೆ ಮಾರನೆಯ ದಿನ ನೆನಪು ಮಾಡಿಕೊಡುತ್ತದೆ. 2025ರ ದಸರಾ ರಜೆಗೆ ಮಗಳು ಬಂದವಳು "ಅಮ್ಮಾ, ಬೆಳಗೊಳದ ಬೆಟ್ಟ ಹತ್ತೋಣ" ಎಂದಳು. ಶ್ರವಣಬೆಳಗೊಳ ನಮಗೆ ಪಕ್ಕದ ಊರು. ಆದರೆ ವಿಂಧ್ಯಗಿರಿಗೆ ಚಪ್ಪಲಿ ಬಿಟ್ಟೇ ಹತ್ತಬೇಕು, ಬಂಡೆಯಲ್ಲಿ ಕಡಿದ ಮೆಟ್ಟಿಲು ಆರುನೂರಕ್ಕೂ ಹೆಚ್ಚು. ಕೆಳಗೆ ಮಾರುವ ಕಾಲುಚೀಲ ಎರಡು ಜೊತೆ ಕೊಂಡು ಒಂದರ ಮೇಲೊಂದು ಹಾಕಿದೆ. ಬಿಸಿಲೇರುವ ಮೊದಲೇ, ಕೂತು ಕೂತು ಹತ್ತಿದೆವು. ಇಳಿಯುವಾಗ ಮಗಳು ಕೈ ಹಿಡಿದಳು, ನಾನು ಬಿಡಿಸಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಹಿಮ್ಮಡಿ ತನ್ನ ಬಾಕಿ ಕೇಳಿತು. ಬೆರಳು ಹಿಡಿದು ಹತ್ತು ಸಲ ಎಳೆದು, ಹೆದರುತ್ತಾ ಕಾಲು ಕೆಳಗಿಟ್ಟೆ. ಮೆತ್ತಗೆ ಏನೋ ತಾಗಿತು. ನೋಡಿದರೆ ಮಂಚದ ಪಕ್ಕದಲ್ಲೇ ಮಡಿ ಚಪ್ಪಲಿ! ಅಡಿಗೆಮನೆ ಮೂಲೆ ಬಿಟ್ಟು ಬರಕೂಡದು ಎಂದು ಕಟ್ಟಳೆ ಹಾಕಿದವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಪೊರಕೆ.

"ಕೈಲಿ ಮುಟ್ಟಿಲ್ಲ, ಪೊರಕೆ ತುದೀಲಿ ತಳ್ಕೊಂಡು ಬಂದೆ" ಎಂದರು ಅತ್ತೆ. "ಮೆಟ್ಕೊಂಡು ಬಾ, ಕಾಫಿ ಆರ್ತಿದೆ."