ಮದಲೂರಿನ ಹಾದಿಯಲ್ಲಿ ಬೈಕಿನ ಹಸಿಬೆ

ತುಮಕೂರು ಬಿಟ್ಟು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿರಾದತ್ತ ಹೊರಟವರಿಗೆ ದಾರಿಯಲ್ಲಿ ಸೀಬಿ ಸಿಗುತ್ತದೆ. ನರಸಿಂಹಸ್ವಾಮಿಯ ದರ್ಶನ ಮಾಡಿ, ಮಂಟಪದ ಚಾವಣಿಯ ವರ್ಣಚಿತ್ರಗಳನ್ನು ಕತ್ತೆತ್ತಿ ನೋಡಿ ಮುಂದೆ ಸಾಗಿದರೆ ಕಳ್ಳಂಬೆಳ್ಳದ ಕೆರೆ. ಅಲ್ಲಿಂದ ಶಿರಾ ದೂರವೇನಲ್ಲ. ಹೆದ್ದಾರಿ ನುಣುಪು, ಬೈಕು ಹಗುರಾಗಿ ಓಡುತ್ತದೆ. ಆದರೆ ಶಿರಾದಲ್ಲಿ ಹೆದ್ದಾರಿಯನ್ನು ಬಿಟ್ಟು ಮದಲೂರಿನ ಕಡೆಗೆ ತಿರುಗಿದ ಮೇಲೆ ಬಯಲುಸೀಮೆಯ ನಿಜರೂಪ ಕಾಣತೊಡಗುತ್ತದೆ. ರಸ್ತೆ ಕಿರಿದು. ಎರಡೂ ಬದಿಗೆ ಕಡಲೆಕಾಯಿ, ರಾಗಿ, ತೊಗರಿಯ ಹೊಲಗಳು, ನಡುನಡುವೆ ಹುಣಸೆಮರ, ಬೀಳುಬಿದ್ದ ಕಡೆಯೆಲ್ಲ ಬಳ್ಳಾರಿ ಜಾಲಿ. ಬೇಸಿಗೆಯಲ್ಲಿ ಒಂದು ಬಸ್ಸು ಎದುರಾಗಿ ಹೋದರೆ ಸಾಕು, ಸವಾರನೂ ಬೈಕೂ ಅದರ ಬೆನ್ನಿಗೆ ಕಟ್ಟಿದ ಚೀಲಗಳೂ ಒಂದೇ ಕೆಂಪುಬಣ್ಣಕ್ಕೆ ತಿರುಗುತ್ತವೆ.

ರಜೆ ಬಂತೆಂದರೆ ಈ ದಾರಿಗೊಂದು ಕಳೆ ಬರುತ್ತದೆ. ತುಮಕೂರು ವಿದ್ಯಾರ್ಥಿಗಳ ಊರು. ಸಿದ್ಧಗಂಗಾ ಮಠದ ಮಕ್ಕಳಿಂದ ಹಿಡಿದು ಕಾಲೇಜು ಹಾಸ್ಟೆಲುಗಳ ಯುವಕ ಯುವತಿಯರವರೆಗೆ ಎಲ್ಲರೂ ಊರಿಗೆ ಹೊರಡುವ ಕಾಲವದು. ಹಿಂದೆ ತಗಡಿನ ಟ್ರಂಕು ಬಸ್ಸಿನ ಟಾಪು ಏರುತ್ತಿತ್ತು. ಈಗ ಅನೇಕ ಮನೆಗಳಲ್ಲಿ ಅಪ್ಪನೋ ಅಣ್ಣನೋ ಬೈಕು ತಂದು ಕರೆದುಕೊಂಡು ಹೋಗುತ್ತಾರೆ. ಬಟ್ಟೆಬರೆ, ಪುಸ್ತಕ, ಅಂಕಪಟ್ಟಿಯ ಫೈಲು ಎಲ್ಲವೂ ಹಿಂದಿನ ಸೀಟಿನ ಎರಡೂ ಬದಿಗೆ ಇಳಿಬಿದ್ದ ಚೀಲಗಳಲ್ಲಿ. ಬೇಕೆಂದಾಗ ತಗುಲಿಸಿ, ಬೇಡವೆಂದಾಗ ಕಳಚಿ ಒಳಗೆ ಒಯ್ಯಬಹುದಾದ ಈ ಚೀಲಗಳಿಗೆ ಅಂಗಡಿಯವರು ಸ್ಯಾಡಲ್ ಬ್ಯಾಗ್ ಎನ್ನುತ್ತಾರೆ. ಗಟ್ಟಿ ಪ್ಲಾಸ್ಟಿಕ್ಕಿನವಾದರೆ ಸೈಡ್ ಬಾಕ್ಸ್.

ಹೆಸರು ಹೊಸದು, ವಸ್ತು ಹೊಸದಲ್ಲ. ಹೆಗಲ ಮೇಲೆ ಮುಂದೊಂದು ಹಿಂದೊಂದು ಜೋಲುವ ಹಸಿಬೆ ಚೀಲವನ್ನು ಕನ್ನಡನಾಡಿನ ಹಿರಿಯರು ಬಲ್ಲರು. ಎತ್ತಿನ ಬೆನ್ನಿನ ಎರಡೂ ಕಡೆಗೆ ಸಮತೂಕದ ಗೋಣಿ ಹೇರಿ ನಡೆಯುವುದೂ ಇಲ್ಲಿನ ಹಳೆಯ ಪದ್ಧತಿ. 1687ರಲ್ಲಿ ಶಿರಾ ಮೊಗಲರ ಕೈಸೇರಿ ಒಂದು ಸುಬಾದ ಕೇಂದ್ರವಾಯಿತು. 1761ರಲ್ಲಿ ಹೈದರಾಲಿಯ ವಶವಾಯಿತು. ಆ ಕಾಲದ ಸೈನ್ಯಗಳಿಗೆ ದವಸಧಾನ್ಯ ಮುಟ್ಟಿಸುತ್ತಿದ್ದವರು ಹೇರೆತ್ತುಗಳ ಹಿಂಡು ಹೊಡೆದುಕೊಂಡು ಬರುತ್ತಿದ್ದ ಬಂಜಾರರು. ಎತ್ತಿನ ಬೆನ್ನು ಉಜ್ಜಿ ಹುಣ್ಣಾಗದಂತೆ ಗೋಣಿಯ ಕೆಳಗೆ ಮೆತ್ತೆ ಹಾಕುತ್ತಿದ್ದರು. ಇಂದಿನ ಪ್ರಶ್ನೆಯೂ ಹೆಚ್ಚುಕಡಿಮೆ ಅದೇ: ಚೀಲವೂ ಸವೆಯಬಾರದು, ಹೊತ್ತದ್ದೂ ಸವೆಯಬಾರದು.

ಗೀರು ಬೀಳುವುದು ಎಲ್ಲಿ?

ಚೀಲಕ್ಕೆ ಗೀರು ಬೀಳುವುದು ಓಡುವಾಗ ಎಂದು ಹಲವರ ಎಣಿಕೆ. ಗಮನಿಸಿ ನೋಡಿದರೆ ಬೈಕಿನಿಂದ ಕಳಚಿದ ಮೇಲೆಯೇ ಅದಕ್ಕೆ ಹೆಚ್ಚು ಪೆಟ್ಟು. ಜಗಲಿಯ ಚಪ್ಪಡಿ ಕಲ್ಲಿನ ಮೇಲೆ ದಬಕ್ಕನೆ ಇಡುವುದು, ಭಾರವೆಂದು ಎಳೆಯುವುದು, ಹೊಸ್ತಿಲಿಗೆ ತಾಗಿಸುವುದು, ಒಂದರ ಮೇಲೊಂದು ಪೇರಿಸುವುದು ಇವೇ ಅದರ ಶತ್ರುಗಳು. ಬೈಕಿನ ಮೇಲಿದ್ದಾಗಿನ ಅಪಾಯವೆಂದರೆ ಅಗಲ. ಚೀಲ ತಗುಲಿಸಿದ ಬೈಕು ಹಿಂಭಾಗದಲ್ಲಿ ಸವಾರ ಎಣಿಸಿದ್ದಕ್ಕಿಂತ ಅಗಲವಾಗಿರುತ್ತದೆ. ಹ್ಯಾಂಡಲ್ ನುಸುಳಿದ ಗೇಟಿನಲ್ಲಿ ಚೀಲ ನುಸುಳುವುದಿಲ್ಲ. ಎತ್ತಿನ ಗಾಡಿಯ ಪಕ್ಕ, ಜಾಲಿಯ ಮುಳ್ಳು ಚಾಚಿದ ಕಾಲುದಾರಿ, ಸಂತೆಯ ಇಕ್ಕಟ್ಟು, ಎಲ್ಲ ಕಡೆಯೂ ಈ ಲೆಕ್ಕ ತಪ್ಪುತ್ತದೆ.

ಮೂರನೆಯ ಕಾರಣ ಕಣ್ಣಿಗೆ ಕಾಣದ್ದು. ಅದು ದೂಳು.

ಇಲ್ಲಿ ವಿದ್ಯಾರ್ಥಿಗಳಿಗೊಂದು ಪಾಠವೂ ಉಂಟು. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗಿನ ಮಾಪಕವೊಂದನ್ನು ರಚಿಸಿದ. ಯಾವುದು ಯಾವುದನ್ನು ಗೀಚಬಲ್ಲದು ಎಂಬುದೇ ಅದರ ಸೂತ್ರ. ಬಳಪದ ಕಲ್ಲಿಗೆ ಮೆದುತನ ಕೊಡುವ ಟಾಲ್ಕ್ ಖನಿಜ 1, ವಜ್ರ 10. ಮನುಷ್ಯನ ಉಗುರು ಸುಮಾರು 2.5, ಕಿಟಕಿಯ ಗಾಜು ಸುಮಾರು 5.5, ಬೆಣಚುಕಲ್ಲು 7. ಶಿರಾ, ಮಧುಗಿರಿ, ಪಾವಗಡಗಳ ನೆಲದಡಿ ಇರುವುದು ಬಹುಮಟ್ಟಿಗೆ ಗ್ರಾನೈಟು ಮತ್ತು ನೈಸ್ ಶಿಲೆಗಳು. ಕೋಟ್ಯಂತರ ವರ್ಷಗಳ ಬಿಸಿಲು ಮಳೆಗೆ ಅವು ಸವೆದು ಮಣ್ಣಾಗುವಾಗ ಉಳಿದದ್ದೆಲ್ಲ ಕರಗಿದರೂ ಬೆಣಚು ಕರಗುವುದಿಲ್ಲ. ಸಣ್ಣ ಹರಳಾಗಿ ಉಳಿಯುತ್ತದೆ. ದಾರಿಯ ದೂಳಿನಲ್ಲಿರುವುದು ಅದೇ. ಗಾಜನ್ನೇ ಗೀಚುವ ಹರಳಿಗೆ ಪ್ಲಾಸ್ಟಿಕ್ಕು, ಬಣ್ಣ, ಚರ್ಮ ಯಾವ ಲೆಕ್ಕ?

ಆದ್ದರಿಂದ ದೂಳು ಕೂತ ಚೀಲವನ್ನು ಒಣಬಟ್ಟೆಯಿಂದ ಒರೆಸುವುದೆಂದರೆ ಉಪ್ಪುಕಾಗದ ಹಿಡಿದು ಉಜ್ಜಿದಂತೆ. ಸಂಶಯವಿದ್ದವರು ಹಳೆಯ ಪ್ಲಾಸ್ಟಿಕ್ ಡಬ್ಬಿಯ ಹೊಳೆಯುವ ಮುಚ್ಚಳವೊಂದರ ಮೇಲೆ ಚಿಟಿಕೆ ದೂಳು ಉದುರಿಸಲಿ. ಅರ್ಧ ಭಾಗವನ್ನು ಹಾಗೆಯೇ ಒರೆಸಲಿ. ಇನ್ನರ್ಧವನ್ನು ನೀರು ಸುರಿದು ತೊಳೆದು ಆಮೇಲೆ ಒರೆಸಲಿ. ಬಿಸಿಲಿಗೆ ಹಿಡಿದರೆ ಉತ್ತರ ಸಿಗುತ್ತದೆ. ಖರ್ಚಿಲ್ಲದ ಪ್ರಯೋಗ, ಮರೆಯದ ಪಾಠ.

ಅರ್ಧ ಬಕೆಟ್ ನೀರಿನ ಲೆಕ್ಕ

ನೀರು ಸುರಿಯಿರಿ ಎಂದು ಹೇಳುವುದು ಸುಲಭ. ಮದಲೂರಿನ ಸೀಮೆಯಲ್ಲಿ ಆ ಮಾತನ್ನು ಅಳೆದು ಆಡಬೇಕು. ಈ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದೇ ಕೆರೆಯ ಕಾರಣದಿಂದ. ಹಾಸನ ಜಿಲ್ಲೆಯ ಗೊರೂರಿನಲ್ಲಿ ತಡೆದ ಹೇಮಾವತಿಯ ನೀರು ನಾಲೆ ಹಿಡಿದು ಕಳ್ಳಂಬೆಳ್ಳಕ್ಕೆ, ಅಲ್ಲಿಂದ ಶಿರಾ ಕೆರೆಗೆ, ಅದರಾಚೆ ಮದಲೂರು ಕೆರೆಗೆ ಬರಬೇಕು ಎಂಬುದು ಇಲ್ಲಿನವರ ಬಹುಕಾಲದ ಬೇಡಿಕೆ. 2020ರ ಶಿರಾ ವಿಧಾನಸಭಾ ಉಪಚುನಾವಣೆಯಲ್ಲಿ ಮದಲೂರು ಕೆರೆ ತುಂಬಿಸುವ ಭರವಸೆಯೇ ಪ್ರಚಾರದ ದೊಡ್ಡ ಮಾತಾಗಿತ್ತು. ಸಾಲಿನ ಕೊನೆಯಲ್ಲಿ ನಿಂತವನಿಗೆ ಪಂಕ್ತಿಯಲ್ಲಿ ಏನು ಉಳಿದೀತೆಂಬ ಚಿಂತೆ ಇದ್ದೇ ಇರುತ್ತದೆ. ಇಂಥ ಊರಿನಲ್ಲಿ ಚೀಲ ತೊಳೆಯಲು ಪೈಪು ಹಿಡಿದು ನಿಲ್ಲುವುದು ನೋಡುವವರ ಕಣ್ಣಿಗೆ ಚುಚ್ಚುತ್ತದೆ.

ಅಷ್ಟು ನೀರು ಬೇಕಾಗಿಯೂ ಇಲ್ಲ. ಅರ್ಧ ಬಕೆಟ್ ಸಾಕು. ಮೊದಲು ಚೊಂಬಿನಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ನೀರು ಇಳಿಬಿಟ್ಟರೆ ಹರಳುಗಳು ತಾವಾಗಿ ಜಾರುತ್ತವೆ. ಆಮೇಲೆ ತುಸು ಸೋಪಿನ ನೀರು, ಮೆತ್ತನೆಯ ಹತ್ತಿಬಟ್ಟೆ. ಬಟ್ಟೆಯನ್ನು ಆಗಾಗ ಹಿಂಡಿ ಮಗುಚಿಕೊಳ್ಳಬೇಕು. ಕೆಳಭಾಗವನ್ನು ಕೊನೆಗೆ ಒರೆಸಬೇಕು, ಕೆಸರು ಹೆಚ್ಚಿರುವುದು ಅಲ್ಲಿಯೇ. ಆ ನೀರು ತೆಂಗಿನ ಬುಡಕ್ಕೆ ಹೋದರೆ ಮತ್ತೂ ಒಳ್ಳೆಯದು. ಜಿಡ್ಡು ಹೋಗಲೆಂದು ಪೆಟ್ರೋಲು ಹಚ್ಚುವವರಿದ್ದಾರೆ. ಕೆಲವು ಬಗೆಯ ಪ್ಲಾಸ್ಟಿಕ್ಕು ಅದರಿಂದ ಮಾಸಿ ಬಿರುಕು ಬಿಡುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಮಾಯವಾಗುತ್ತದೆಂಬ ಮಾತೂ ಉಂಟು. ಅದರಲ್ಲಿಯೂ ಉಜ್ಜುವ ಪುಡಿಯಿದೆ. ಹಗುರಾದ ಗೀರು ಮಸುಕಾಗಬಹುದು, ಜೊತೆಗೆ ಸುತ್ತಲಿನ ಹೊಳಪೂ ಹೋಗಬಹುದು.

ತೊಳೆದ ಚೀಲವನ್ನು ನೆರಳಿನಲ್ಲಿ ಒಣಗಿಸಬೇಕು. ಬಯಲುಸೀಮೆಯ ಬಿಸಿಲು ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತದೆ, ಚರ್ಮವನ್ನು ಬಿರಿಸುತ್ತದೆ. ಪೆಡಸಾದದ್ದು ಸಣ್ಣ ಪೆಟ್ಟಿಗೂ ಒಡೆಯುತ್ತದೆ.

ಕಂಬಳಿ, ಟ್ಯೂಬು, ಹಳೆಯ ಸೀರೆ

ಗೀರು ತಡೆಯಲು ಪೇಟೆಯಲ್ಲಿ ಪಾರದರ್ಶಕ ಹಾಳೆ, ರಬ್ಬರಿನ ಅಂಚು, ಮಳೆಹೊದಿಕೆ ಎಲ್ಲವೂ ಸಿಗುತ್ತವೆ. ಹಳ್ಳಿಯ ಮನೆಯಲ್ಲಿಯೂ ಇದಕ್ಕೆ ಬೇಕಾದ ಸಾಮಗ್ರಿ ಬಹುಪಾಲು ಇದ್ದೇ ಇರುತ್ತದೆ.

ಮೊದಲನೆಯದು ಹಳೆಯ ಸೀರೆ ಅಥವಾ ಪಂಚೆ. ಚೀಲದ ಅಳತೆಗೆ ದರ್ಜಿಯಿಂದ ಒಂದು ಗವಸು ಹೊಲಿಸಿದರೆ ಕಳಚಿಟ್ಟಾಗ ಹೊದಿಸಬಹುದು. ಗೋಣಿಯ ಗವಸು ಬೇಡ. ಅದರ ನಾರು ಒರಟು. ಎರಡನೆಯದು ಹಳೆಯ ಸೈಕಲ್ ಟ್ಯೂಬು. ಚೀಲದ ಬೆನ್ನು ಬೈಕಿನ ಕಂಬಿಗೆ ತಾಗುವ ಕಡೆ ಅದರ ಪಟ್ಟಿ ಸುತ್ತಿದರೆ ಅಲುಗಾಟದ ಉಜ್ಜುವಿಕೆ ತಗ್ಗುತ್ತದೆ. ಆದರೆ ಬೀಗ ಕೂರುವ ಕೊಂಡಿಯ ಮೇಲೆ ಅದನ್ನು ಸುತ್ತಬಾರದು. ಬೀಗ ಪೂರ್ತಿ ಕೂರದೆ ಚೀಲ ದಾರಿಯಲ್ಲಿ ಉದುರಿದರೆ ಗೀರಿನ ಮಾತೇ ಉಳಿಯುವುದಿಲ್ಲ. ಮೂರನೆಯದು ಮೂಲೆಗಳಿಗೆ ಚರ್ಮದ ತೇಪೆ. ಬಟ್ಟೆಯ ಚೀಲ ಮೊದಲು ಸವೆಯುವುದು ಮೂಲೆಯಲ್ಲಿ. ಚಪ್ಪಲಿ ಹೊಲಿಯುವವರು ಅಚ್ಚುಕಟ್ಟಾಗಿ ತೇಪೆ ಹಾಕಿಕೊಡುತ್ತಾರೆ. ನೀರು ತಡೆಯುವ ಚೀಲವಾದರೆ ಸೂಜಿ ಹೋದ ತೂತುಗಳನ್ನು ಒಳಗಿನಿಂದ ಅಂಟು ಹಚ್ಚಿ ಮುಚ್ಚಿಸಬೇಕು.

ನಾಲ್ಕನೆಯದು ಈ ಸೀಮೆಯ ಹೆಮ್ಮೆಯ ವಸ್ತು, ಕಂಬಳಿ. ಬೈಕು ಅಂಗಳಕ್ಕೆ ಬಂದು ನಿಂತೊಡನೆ ಕೇಳಿಬರುವ ಮಾತು ಇಂಥದ್ದು:

“ಯಪ್ಪಾ, ಬ್ಯಾಗು ಕಲ್ಮೇಲೆ ಇಕ್ಬೇಡ, ಕೆರ್ಕೊಂಡು ಹೋಗ್ತದೆ.”

“ತಡಿಯವ್ವ, ಕಂಬ್ಳಿ ಹಾಸ್ತೀನಿ.”

ಹಾಸುವ ಮುನ್ನ ಕಂಬಳಿಯನ್ನು ಒಮ್ಮೆ ಚೆನ್ನಾಗಿ ಕೊಡವಬೇಕು. ಉಣ್ಣೆಯ ಸಂದಿಯಲ್ಲಿ ಕೂತ ಮರಳು ಚಪ್ಪಡಿಗಿಂತ ಕಡಿಮೆಯದಲ್ಲ. ಹೊದಿಕೆ ಯಾವುದೇ ಇರಲಿ, ಇದೇ ನಿಯಮ: ಚೀಲ ಶುದ್ಧವಾಗಿದ್ದು ಹೊದಿಕೆಯೂ ಶುದ್ಧವಾಗಿದ್ದರೆ ಮಾತ್ರ ರಕ್ಷಣೆ. ಒಳಗೆ ದೂಳು ಸೇರಿದ ಹೊದಿಕೆಯೇ ಗೀಚುತ್ತದೆ.

ಗೀರಿಗಿಂತ ದೊಡ್ಡದು

ಇಷ್ಟೆಲ್ಲ ಜತನದ ನಡುವೆ ಮನೆಯವರು ಮರೆಯಬಾರದ ಒಂದು ಮಾತಿದೆ. ಚೀಲ ಕೂರಲು ಜಾಗ ಸಾಲದೆಂದು ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡನ್ನು ಬಿಚ್ಚಿಸುವವರಿದ್ದಾರೆ. ಅದು ಅಲಂಕಾರದ ವಸ್ತುವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದ ಪ್ರಕಾರ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಆಸರೆ ಮತ್ತು ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಲೇಬೇಕು. ಚೂಡಿದಾರದ ದುಪಟ್ಟಾ, ಅವ್ವನ ಸೆರಗು ಚಕ್ರಕ್ಕೆ ಸುತ್ತಿಕೊಂಡರೆ ಆಗುವ ಅನಾಹುತಕ್ಕೆ ಯಾವ ಚೀಲವೂ ಸಮನಲ್ಲ. ಗಾರ್ಡ್ ಉಳಿಸಿಕೊಂಡು ಕೂರುವ ಚೀಲವನ್ನೇ ಆರಿಸಬೇಕು.

ಚೀಲದ ಇಳಿಬಿದ್ದ ಪಟ್ಟಿಯೂ ಅಷ್ಟೇ ಅಪಾಯಕಾರಿ. ಉಳಿದ ತುದಿಯನ್ನು ಮಡಿಸಿ ಕಟ್ಟಬೇಕು. ಸೈಲೆನ್ಸರಿಗೆ ತಾಗುವಂತೆ ಜೋತ ಚೀಲ ಕರಗುತ್ತದೆ, ಒಳಗಿನ ಅಂಕಪಟ್ಟಿ ಸುಡುತ್ತದೆ. ಕಾಗದಪತ್ರಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸೈಲೆನ್ಸರ್ ಇಲ್ಲದ ಬದಿಯ ಚೀಲದಲ್ಲಿಡುವುದು ಜಾಣತನ. ಎರಡೂ ಬದಿಗೆ ಸಮತೂಕ, ಭಾರವಾದದ್ದು ತಳಕ್ಕೆ ಎಂಬುದು ಹೇರೆತ್ತಿನ ಕಾಲದಿಂದ ಬಂದ ಬುದ್ಧಿ. ಹೊರಟು ಹತ್ತು ಹದಿನೈದು ಕಿಲೋಮೀಟರಿಗೆ ಒಮ್ಮೆ ನಿಂತು ಕೊಂಡಿಗಳನ್ನು ಕೈಯಿಂದ ಎಳೆದು ನೋಡಬೇಕು. ತುಮಕೂರಿನಿಂದ ಹೊರಟವರಿಗೆ ಸೀಬಿಯ ನಿಲುಗಡೆ ಇದಕ್ಕೆ ಹೇಳಿಮಾಡಿಸಿದ ಜಾಗ. ಹಿಂದೆ ಕೂತವರ ತಲೆಗೂ ಹೆಲ್ಮೆಟ್ ಇರಲೇಬೇಕೆಂಬುದು ಕರ್ನಾಟಕದಲ್ಲಿ 2016ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಕಾನೂನು. ಚೀಲಕ್ಕೆ ಗವಸು ಹೊಲಿಸಿ ಮಗಳ ತಲೆಯನ್ನು ಬರಿದಾಗಿ ಬಿಡುವುದು ಯಾವ ನ್ಯಾಯ?

ಶಿರಾ ಬೆಂಗಳೂರಿನಿಂದ ಸುಮಾರು 120 ಕಿ.ಮೀ. ಮದಲೂರಿಗೆ ಹೊರಟವರು ಶಿರಾದಲ್ಲಿ ಮಲಿಕ್ ರಿಹಾನ್ ದರ್ಗಾವನ್ನೂ ಕಲ್ಲಿನ ಜುಮ್ಮಾ ಮಸೀದಿಯನ್ನೂ ನೋಡಬಹುದು. ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಜನ ಅವುಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ.

ಕೊನೆಗೆ ಮದಲೂರು ಕೆರೆಯ ಏರಿ. ಸಂಜೆ ಅಲ್ಲಿ ಬೈಕು ನಿಲ್ಲಿಸಿ ಚೀಲ ಕಳಚಿ ನೋಡಿದರೆ ಅಷ್ಟು ಜತನ ಮಾಡಿದರೂ ಒಂದೆರಡು ಹೊಸ ಗೀರು ಕಂಡೀತು. ಬಳಸಿದ ವಸ್ತುವಿಗೆ ಅಷ್ಟು ಗುರುತು ಬಿದ್ದೇ ಬೀಳುತ್ತದೆ. ಒಳಗಿನ ಪುಸ್ತಕ ಒಣಗಿದೆ, ಕೊಂಡಿ ಭದ್ರವಾಗಿದೆ, ಕರೆತಂದ ಮಗು ಕ್ಷೇಮವಾಗಿ ಏರಿಯ ಮೇಲೆ ನಿಂತು ಕೆರೆಯಲ್ಲಿ ನೀರೆಷ್ಟಿದೆಯೆಂದು ನೋಡುತ್ತಿದೆ. ಮನೆಯವರಿಗೆ ಬೇಕಾದದ್ದು ಇಷ್ಟೇ.