ದುಬೈಗೆ ಹೋಗುವ ಮುನ್ನ ರಾಮದುರ್ಗದ ಬಸ್ಸು

ಕಿತ್ತೂರಿನಲ್ಲಿ ಗೆಳೆಯನ ಮದುವೆ ಊಟಕ್ಕೆ ಕೂತಿದ್ದೆ. ರಾಮದುರ್ಗದಿಂದ ಕಾಕಾನ ಮಗನ ಫೋನು. “ಅಣ್ಣಾ, ದುಬೈದಾಗ ಕೆಲಸ ಸಿಕ್ಕೈತಿ. ಎಂಟ್ ದಿನದಾಗ ಹೊಂಟೀನಿ. ಈಗ ವಿಸಿಟ್ ವೀಸಾ, ಅಲ್ಲಿ ಹೋದಮ್ಯಾಲೆ ಚೇಂಜ್ ಮಾಡಿಕೊಡ್ತಾರಂತ.”

ಹೋಳಿಗೆ ಗಂಟಲಲ್ಲೇ ನಿಂತಿತು. ಫೋನಿನಲ್ಲಿ ಬೈದರೆ ಕೇಳುವ ವಯಸ್ಸಲ್ಲ ಅವನದು. ಕೈ ತೊಳೆದು ಬೈಲಹೊಂಗಲದ ಬಸ್ ಹತ್ತಿದೆ.

1824ರ ಅಕ್ಟೋಬರ್ 23ರಂದು ಕಂಪನಿ ಸೈನ್ಯವನ್ನು ಸೋಲಿಸಿದ ಕೋಟೆ ಹಿಂದೆ ಸರಿಯಿತು. ಅದೇ ಚೆನ್ನಮ್ಮ 1829ರಲ್ಲಿ ಸೆರೆಯಲ್ಲೇ ಕೊನೆಯುಸಿರೆಳೆದ ಊರು ಬೈಲಹೊಂಗಲ. ಅವಳ ಸಮಾಧಿ ಇಲ್ಲೇ ಇದೆ. ಹತ್ತಿ ಪ್ಯಾಟಿಗೆ ಹೆಸರಾದ ಈ ಊರಲ್ಲಿ ಬಸ್ ಬದಲಿಸಿದಾಗ ಪಕ್ಕದಲ್ಲಿ ಒಬ್ಬ ರೈತ ಅಜ್ಜ ಕೂತರು. “ಕಬ್ಬ ಕಡ್ಯಾಕ ಮಹಾರಾಷ್ಟ್ರದಿಂದ ಗ್ಯಾಂಗ್ ಬರ್ತಾವ. ನಮ್ಮ ಹುಡುಗೂರು ಗೋವಾ, ದುಬೈ ಅಂತ ಹೋಗ್ತಾರ. ಕೆಲಸ ಐತಿ ತಮ್ಮಾ, ಅವರ ಮನಸ್ಸಿಗೆ ಬರೋ ಪಗಾರ ಇಲ್ಲ,” ಅಂದರು.

ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡದ ಭಕ್ತರು ಇಳಿದು, ಬಸ್ ಅರ್ಧ ಖಾಲಿಯಾಯಿತು. ಹತ್ತಿರದ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆ ಕಾಲುವೆಗೆ ಹರಿದಿದ್ದಾಳೆ. ನೀರು ಬಂದ ಹೊಲಕ್ಕೆ ಕೈಗಳು ಬೇಕು, ಓದಿದ ಹುಡುಗರಿಗೆ ಬೇರೆ ಕೆಲಸ ಬೇಕು. ಎರಡೂ ಒಂದೇ ತಾಲೂಕಿನ ಕತೆ.

ರಾಮದುರ್ಗದ ಮನೆಯಲ್ಲಿ ಮಗ್ಗದ ಸಪ್ಪಳ ನಿಂತಿತ್ತು. ಕಾಕು ಚಹಾ ಕೊಟ್ಟರು, ಕೊರಳಲ್ಲಿ ಸರ ಇರಲಿಲ್ಲ. ಕೇಳಬೇಕಾಗಲಿಲ್ಲ. ಏಜೆಂಟ್ ಕೇಳಿದ್ದು ಒಂದೂವರೆ ಲಕ್ಷ. ಅದರ ಮುಂಗಡಕ್ಕೆ ಸರ ಬ್ಯಾಂಕಿನಲ್ಲಿ ಕೂತಿತ್ತು.

ತಮ್ಮನ ಪಾಸ್‌ಪೋರ್ಟ್ ತೆಗೆದು ನೋಡಿದೆ. ಹತ್ತನೇ ಪಾಸಾಗಿಲ್ಲ, ಹಾಗಾಗಿ ‘ಇಸಿಆರ್’. ಇಂಥ ಪಾಸ್‌ಪೋರ್ಟಿನವರು ಯುಎಇ, ಸೌದಿ, ಕತಾರ್, ಕುವೈತ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಅದರ ಜೊತೆಗೇ 10 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಬರುತ್ತದೆ. ವಿಸಿಟ್ ವೀಸಾದಲ್ಲಿ ಇದ್ಯಾವುದೂ ಇಲ್ಲ. ಆ ವೀಸಾದಲ್ಲಿ ದುಡಿಯುವುದೇ ಅಲ್ಲಿ ಅಪರಾಧ. ಇನ್ನು ನೋಂದಾಯಿತ ಏಜೆಂಟ್ ಕಾನೂನು ಪ್ರಕಾರ ತಗೋಬಹುದಾದ ಸೇವಾ ಶುಲ್ಕ 30 ಸಾವಿರ ಮತ್ತು ಜಿಎಸ್‌ಟಿ, ಅಷ್ಟೇ. ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಇಬ್ಬರೂ ಕೂತು ಹುಡುಕಿದೆವು. ಏಜೆಂಟನ ಹೆಸರು ಸಿಗಲಿಲ್ಲ.

“ಲೈಸೆನ್ಸ್ ನಂಬರ್ ಕೇಳು,” ಅಂದೆ. ತಮ್ಮ ಸ್ಪೀಕರ್ ಹಾಕಿ ಕೇಳಿದ. ಆ ಕಡೆಯಿಂದ ಲೈನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ಕೇಳಿದ: “ಸರಿ ಅಣ್ಣಾ, ಹೋಗೂದಿಲ್ಲ. ಆದ್ರ ಇಲ್ಲಿ ಕೂತು ಏನ್ ಮಾಡ್ಲಿ?”

ಹೋಗಬೇಡ ಅನ್ನುವುದು ಸುಲಭ. ಈ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ಮೊದಲು ಹತ್ತನೇ ಪಾಸಾಗು, ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿ, ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರದಲ್ಲಿ ವಿಚಾರಿಸು ಅಂದೆ. ಆಗ ಹೋದರೂ ತಲೆ ಎತ್ತಿ ಹೋಗ್ತೀಯ. ತಮ್ಮ ತಲೆಯಾಡಿಸಿದ, ನಗಲಿಲ್ಲ.

ಕೊಟ್ಟ ಮುಂಗಡ ವಾಪಸ್ ಬಂದಿಲ್ಲ. ಕಾಕಾ ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ತಮ್ಮ ಈಗ ಹತ್ತನೇ ಪರೀಕ್ಷೆಗೆ ಗಣಿತ ಓದ್ತಿದ್ದಾನೆ. ಲೆಕ್ಕ ತಿಳಿಯದಿದ್ದಾಗ ರಾತ್ರಿ ನನಗೆ ಫೋನ್ ಮಾಡ್ತಾನೆ. ನಿಮ್ಮ ಮನೆಯಲ್ಲೂ ಯಾರಾದರೂ ವಿದೇಶಕ್ಕೆ ಹೊರಟಿದ್ದರೆ, ಅಭಿನಂದನೆ ಹೇಳುವ ಮೊದಲು ಒಮ್ಮೆ ವೀಸಾ ತೆಗೆಸಿ ನೋಡಿ.